ಜಿಪ್ಸಮ್ ಗೋಡೆಗೆ ಪ್ರೈಮರ್ ಬೇಕಾ? ಚೌತಿ ಒಳಗೆ ಬಣ್ಣ ಮುಗಿಯುತ್ತಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಕುಮಟಾದಲ್ಲಿ ಹೊಸ ಮನೆ, ಒಳಗೋಡೆಗೆಲ್ಲ ಜಿಪ್ಸಮ್ ಪ್ಲಾಸ್ಟರ್ ಆಗಿ 3 ವಾರ. ಒಬ್ಬ ಪೇಂಟರ್ ‘ಗೋಡೆ ನುಣುಪಾಗಿದೆ, ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ದಂಡ’ ಅಂತಾರೆ. ಇನ್ನೊಬ್ಬರು ‘ಎರಡು ಕೋಟ್ ಪುಟ್ಟಿ (ಗೋಡೆ ನುಣುಪಾಗಲು ಮೆತ್ತುವ ಹಿಟ್ಟು) ಇಲ್ಲದೆ ಆಗೋದಿಲ್ಲ’ ಅಂತಾರೆ. ನಿಮಗೋ ಚೌತಿ ಒಳಗೆ ಮುಗಿಯಬೇಕು. ಕಾರವಾರದಲ್ಲಿ ಮನೆ ಕಟ್ಟಿದಾಗ ನನ್ನದೂ ಇದೇ ಕಥೆ. ನಾನು ಮೊದಲನೆಯವರ ಮಾತು ಕೇಳಿದೆ.

ಚೌತಿಗೆ ಎರಡು ದಿನ ಇರುವಾಗ ಬಣ್ಣ ಮುಗಿಯಿತು. ನೋಡಲು ಚಂದವೇ ಇತ್ತು. ಗಣಪತಿ ಕೂರಿಸುವ ಗೋಡೆಗೆ ಮಕ್ಕಳು ಬಣ್ಣದ ಕಾಗದ, ಹೂವಿನ ಮಾಲೆ ಎಲ್ಲ ಟೇಪ್ ಹಚ್ಚಿ ಅಂಟಿಸಿದರು. 5ನೇ ದಿನ ಗಣಪತಿ ಮುಳುಗಿಸಿ ಬಂದು ಅಲಂಕಾರ ಬಿಚ್ಚಲು ಹೋದರೆ ಟೇಪಿನ ಜೊತೆ ಬಣ್ಣವೂ ಎದ್ದು ಬಂತು. ಚೂರುಚೂರಾಗಿ ಅಲ್ಲ, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಮೊಳ ಉದ್ದ. ಸಿಪ್ಪೆಯ ಹಿಂಬದಿ ಬೆರಳಿಟ್ಟು ನೋಡಿದೆ, ಬರೀ ಬಿಳಿ ಪುಡಿ. ಅಂದರೆ ಬಣ್ಣ ಗೋಡೆಯನ್ನು ಹಿಡಿದಿರಲೇ ಇಲ್ಲ, ಪುಡಿಯ ಮೇಲೆ ಸುಮ್ನೆ ಕೂತಿತ್ತು.

ಆದ್ದರಿಂದ ನೇರ ಉತ್ತರ: ಪ್ರೈಮರ್ ಬೇಕು, ಅದೂ ಮೊದಲ ಕೋಟ್ ತೆಳ್ಳಗೆ ಇರಬೇಕು. ಗೋಡೆ ಪೂರ್ತಿ ಪುಟ್ಟಿ ಬೇಡ. ಆದರೆ ಅದಕ್ಕಿಂತ ಮುಂಚೆ ಗೋಡೆ ಒಣಗಿರಬೇಕು. ನಿಮ್ಮದು ಒಣಗಿಲ್ಲ ಅಂತಲೇ ನನ್ನ ಅನುಮಾನ.

ಲೆಕ್ಕ ನೋಡಿ. 25 ಕೆಜಿ ಚೀಲದ ಜಿಪ್ಸಮ್ ಗಟ್ಟಿಯಾಗಲು ನಿಜವಾಗಿ ಬೇಕಾಗುವುದು ಸುಮಾರು ನಾಲ್ಕೂವರೆ ಲೀಟರ್ ನೀರು. ಆದರೆ ಅಷ್ಟೇ ಹಾಕಿದರೆ ಕಲಸಲು, ಎಳೆಯಲು ಬರುವುದಿಲ್ಲ. ಹಾಗಾಗಿ ಚೀಲಕ್ಕೆ 15 ಲೀಟರ್‌ಗಿಂತ ಜಾಸ್ತಿಯೇ ಹಾಕುತ್ತಾರೆ. ಉಳಿದ ಹತ್ತು ಲೀಟರ್ ಗೋಡೆಯಿಂದ ಗಾಳಿಗೆ ಹೋಗಬೇಕು. ಅರ್ಧ ಗಂಟೆಯಲ್ಲಿ ಗೋಡೆ ಗಟ್ಟಿಯಾಗುತ್ತದೆ, ಅದನ್ನೇ ಎಲ್ಲರೂ ‘ಒಣಗಿತು’ ಅಂದುಕೊಳ್ಳುತ್ತಾರೆ. ಬಯಲುಸೀಮೆಯ ಬೇಸಿಗೆಯಲ್ಲಿ ಆ ನೀರು ಬೇಗ ಹೋಗಬಹುದು. ನಮ್ಮ ಕರಾವಳಿಯ ಮಳೆಗಾಲದಲ್ಲಿ, ಒಗೆದ ಲುಂಗಿಯೇ ಮೂರು ದಿನ ಒಣಗದಿರುವಾಗ, ಗೋಡೆ ಎಲ್ಲಿ ಒಣಗಬೇಕು? ಮೇಲಾಗಿ ನಿಮ್ಮದು ಚಿರೇಕಲ್ಲಿನ (ಜಂಬಿಟ್ಟಿಗೆಯ) ಗೋಡೆಯಾಗಿದ್ದರೆ ಕಲ್ಲೇ ನೀರು ಕುಡಿದು ಕೂತಿರುತ್ತದೆ. ಮಳೆ ನೇರ ಹೊಡೆಯುವ ಪಡುವಣ ಗೋಡೆ ಅಂತೂ ಕೇಳಲೇ ಬೇಡಿ.

ಪರೀಕ್ಷೆ ಸುಲಭ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಬೆವರು ಕಂಡರೆ ಡಬ್ಬ ತೆರೆಯಲೇಬೇಡಿ. ಕಣ್ಣಿಗೂ ಗೊತ್ತಾಗುತ್ತದೆ: ಒದ್ದೆ ಜಿಪ್ಸಮ್ ಕಪ್ಪುಕಪ್ಪಾಗಿ ತೇಪೆತೇಪೆ ಕಾಣುತ್ತದೆ, ಒಣಗಿದ್ದು ಎಲ್ಲ ಕಡೆ ಒಂದೇ ತಿಳಿ ಬಣ್ಣ. ಮಳೆ ಬಿಟ್ಟಾಗ ಕಿಟಕಿ ತೆರೆದಿಡಿ, ಫ್ಯಾನ್ ಓಡುತ್ತಿರಲಿ. ಮತ್ತೆ, ಯಾರಾದರೂ ಹಿರಿಯರು ಸಿಮೆಂಟಿಗೆ ಹೊಡೆದ ಹಾಗೆ ಇದಕ್ಕೂ ಪೈಪ್ ಹಿಡಿದು ನೀರು ಹೊಡೆಯಲು ಬಂದರೆ ತಡೆಯಿರಿ. ನಮ್ಮ ಮಾವ ಒಂದು ಗೋಡೆಗೆ ಹೊಡೆದೇಬಿಟ್ಟಿದ್ದರು. ಜಿಪ್ಸಮ್‌ಗೆ ಕ್ಯೂರಿಂಗ್ ಇಲ್ಲ.

ಒಣಗಿದ ಮೇಲೆ ಧೂಳಿನ ಕೆಲಸ. ರಾತ್ರಿ ದೀಪ ಆರಿಸಿ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದರೆ ಉಬ್ಬುತಗ್ಗು ಎಲ್ಲ ಕಾಣುತ್ತದೆ. ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಮಾರ್ಕರ್ ಬೇಡ, ಅದರ ಕಲೆ ಬಣ್ಣದ ಮೇಲೆ ಏಳುತ್ತದೆ. 220 ನಂಬರ್ ಎಮರಿ ಪೇಪರಿನಲ್ಲಿ ಹಗುರಾಗಿ ಉಜ್ಜಿ. ಮೇಸ್ತ್ರಿ ಕರಣೆಯಲ್ಲಿ ತಿಕ್ಕಿ ತಿಕ್ಕಿ ಗಾಜಿನ ಹಾಗೆ ಹೊಳೆಯಿಸಿದ ಜಾಗ ಇದ್ದರೆ ಅಲ್ಲಿ ತಪ್ಪದೆ ಉಜ್ಜಿ, ಹೊಳಪಿನ ಮೇಲೆ ಏನೂ ಹಿಡಿಯುವುದಿಲ್ಲ. ಆಮೇಲೆ ಬ್ರಶ್‌ನಲ್ಲಿ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಟೇಪ್ ಅಂಟಿಸಿ ಕಿತ್ತು ನೋಡಿ, ಪುಡಿ ಬಂದರೆ ಇನ್ನೊಮ್ಮೆ ಒರೆಸಿ. ನಮ್ಮ ಪೇಂಟರ್ ಬಿಟ್ಟದ್ದು ಈ ಅರ್ಧ ದಿನದ ಕೆಲಸವನ್ನೇ.

ಪ್ರೈಮರ್ ವಾಟರ್ ಬೇಸ್‌ದು, ಒಳಗೋಡೆಗೆ ಬರುವ ಆಕ್ರಿಲಿಕ್ ತಗೊಳ್ಳಿ. ಆಯಿಲ್ ಬೇಸ್ ಹೊಡೆದರೆ ಒಳಗೆ ಉಳಿದ ತೇವಕ್ಕೆ ದಾರಿಯಿಲ್ಲದೆ ಗುಳ್ಳೆ ಏಳುತ್ತದೆ. ಜಿಪ್ಸಮ್ ಗೋಡೆ ಅಂದರೆ ಬಾಯಾರಿದ ದನ ಇದ್ದ ಹಾಗೆ. ದಪ್ಪ ಬಣ್ಣ ಹಚ್ಚಿದರೆ ಅದರ ನೀರನ್ನು ಗಳಿಗೆಯಲ್ಲಿ ಹೀರಿಬಿಡುತ್ತದೆ, ಬಣ್ಣ ಮೇಲೆಯೇ ಒಣಗಿ ಸಿಪ್ಪೆಯಾಗುತ್ತದೆ. ಅದಕ್ಕೇ ಮೊದಲ ಕೋಟ್ ಹಾಲಿನಷ್ಟು ತೆಳ್ಳಗಿರಬೇಕು, ಗೋಡೆಯೊಳಗೆ ಇಳಿಯಬೇಕು. ಎರಡನೇ ಸಲ ಮಾಡಿಸುವಾಗ ನಾನು ಒಂದು ಲೀಟರ್ ಪ್ರೈಮರಿಗೆ ಮುಕ್ಕಾಲು ಲೀಟರ್ ನೀರು ಬೆರೆಸಿಸಿದೆ. ನಿಮ್ಮ ಡಬ್ಬದ ಮೇಲೆ ಬರೆದ ಅಳತೆ ಬೇರೆ ಇದ್ದರೆ ಅದನ್ನೇ ಪಾಲಿಸಿ. ಮೊದಲ ಕೋಟ್ ಒಣಗಿದಾಗ ಗೋಡೆ ತೇಪೆತೇಪೆ ಕಾಣುತ್ತದೆ, ಹೆದರಬೇಡಿ. ಮಳೆಯಿದ್ದರೆ ಒಂದು ದಿನ ಪೂರ್ತಿ ಬಿಟ್ಟು ಎರಡನೇ ಕೋಟ್. ಅದರ ಮೇಲೆ ಎರಡು ಕೋಟ್ ಇಮಲ್ಷನ್ ಬಣ್ಣ.

ಪುಟ್ಟಿ ವಿಷಯ. ಜಿಪ್ಸಮ್ ಹಾಕಿಸುವುದೇ ಪುಟ್ಟಿ ಖರ್ಚು ಉಳಿಯಲಿ ಅಂತ ಅಲ್ವಾ? ತೂತು, ಗೀರು ಇದ್ದಲ್ಲಿ ಮಾತ್ರ, ಮೊದಲ ಪ್ರೈಮರ್ ಆದ ಮೇಲೆ, ಆಕ್ರಿಲಿಕ್ ಪುಟ್ಟಿ ಮುಟ್ಟಿಸಿ. ಬಿಳಿ ಸಿಮೆಂಟಿನ ಪುಟ್ಟಿ ಬೇಡ. ಸಿಮೆಂಟ್, ಜಿಪ್ಸಮ್ ಎರಡೂ ತೇವದಲ್ಲಿ ಸೇರಿದರೆ ಒಳಗೇ ಹರಳು ಬೆಳೆದು ಉಬ್ಬುತ್ತದೆ, ಪದರ ಬಿಡುತ್ತದೆ. ಸ್ವಿಚ್ ಬೋರ್ಡ್ ಸುತ್ತ ಎಲೆಕ್ಟ್ರಿಷಿಯನ್ ಸಿಮೆಂಟ್ ಮೆತ್ತಿದ್ದಾರಾ ನೋಡಿಕೊಳ್ಳಿ. ಹೊರಗೋಡೆಗೆ, ಬಚ್ಚಲಿಗೆ ಜಿಪ್ಸಮ್ ಹಾಕಿಸಿಲ್ಲ ಅಂತ ನಂಬಿದ್ದೇನೆ. ಅದು ನೀರಲ್ಲಿ ನಿಧಾನ ಕರಗುವ ವಸ್ತು.

ಇನ್ನು ಚೌತಿ. ನಾನಾಗಿದ್ದರೆ ಈ ಸಲ ಬಣ್ಣದ ಆಸೆ ಬಿಡುತ್ತಿದ್ದೆ. ಪ್ಲಾಸ್ಟಿಕ್ ಪರೀಕ್ಷೆಯಲ್ಲಿ ಪಾಸಾದ ಗೋಡೆಗಳಿಗೆ ತೆಳು ಪ್ರೈಮರ್ ಅಷ್ಟೇ, ಉಳಿದವು ಹಾಗೇ ಇರಲಿ. ಗಣಪತಿಯ ಹಿಂದೆ ಒಂದು ಒಳ್ಳೆಯ ಸೀರೆ ಇಳಿಬಿಟ್ಟರೆ ಗೋಡೆ ಯಾರಿಗೆ ಕಾಣುತ್ತದೆ? ಬಣ್ಣ ದೀಪಾವಳಿ ಕಳೆದ ಮೇಲೆ, ಬಿಸಿಲು ಬಿದ್ದ ಮೇಲೆ. ಆದರೆ ಫಲಾವಳಿ (ಗಣಪತಿಯ ಮೇಲೆ ತೂಗಿಬಿಡುವ ಹಣ್ಣು-ಕಾಯಿ) ಕಟ್ಟುವ ಸೀಲಿಂಗ್ ಹುಕ್ಕುಗಳನ್ನು ಮಾತ್ರ ಈಗಲೇ, ಪ್ರೈಮರಿಗೆ ಮೊದಲೇ ಹಾಕಿಸಿಕೊಳ್ಳಿ. ಸ್ಟೀಲಿನದೇ ಆಗಲಿ. ಕಬ್ಬಿಣದ್ದಾದರೆ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದು, ಬಿಳಿ ಸೀಲಿಂಗ್ ಮೇಲೆ ಕಂದು ಕಲೆ ಇಳಿಯುತ್ತದೆ.