ದೀಪ ಹಾಕಿದರೆ ಕಳ್ಳರು ಪಕ್ಕದ ಬೀದಿಗೆ ಹೋಗ್ತಾರಾ?
ಪಾರ್ಕಿಂಗ್ ಜಾಗಕ್ಕೆ ದೀಪ ಹಾಕಿಸಿದರೆ ಬೈಕ್ ಕಳ್ಳರು ಪಕ್ಕದ ಬೀದಿಗೆ ಹೋಗ್ತಾರೆ ಅಷ್ಟೇ ಅಲ್ವಾ ಅಂತ ಕೇಳಿದ್ದೀರಿ. ಹೆಚ್ಚಾಗಿ ಹಾಗಾಗುವುದಿಲ್ಲ.

ಅಪರಾಧ ಊರೆಲ್ಲ ಸಮನಾಗಿ ಹರಡಿರುವುದಿಲ್ಲ. ಅಮೆರಿಕದ ಮಿನಿಯಾಪೊಲಿಸ್ ಬಗ್ಗೆ 1989ರಲ್ಲಿ ಬಂದ ಅಧ್ಯಯನದ ಪ್ರಕಾರ, ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಬರೀ ಶೇ. 3ರಷ್ಟು ವಿಳಾಸಗಳಿಗೆ ಸಂಬಂಧಿಸಿದ್ದವು! ಕಳ್ಳನಿಗೆ ಕತ್ತಲೊಂದೇ ಸಾಲದು. ನಿಂತ ಬೈಕ್, ಯಾರೂ ನೋಡದ ಹೊತ್ತು, ಓಡಲು ದಾರಿ, ಎಲ್ಲ ಒಟ್ಟಿಗೆ ಸಿಗಬೇಕು. ಪಕ್ಕದ ಬೀದಿಯಲ್ಲಿ ಅದೆಲ್ಲ ಇರಬೇಕಲ್ಲ. ಅಮೆರಿಕದ್ದೇ ಇನ್ನೊಂದು ಊರಾದ ಜೆರ್ಸಿ ಸಿಟಿಯಲ್ಲಿ ಪೊಲೀಸರು ಕೆಲವು ಜಾಗಗಳಲ್ಲಿ ಕಾವಲು ಬಿಗಿ ಮಾಡಿದಾಗ ಸುತ್ತಲಿನ ಬೀದಿಗಳೂ ಸುಧಾರಿಸಿದ್ದವು.

ಆದರೆ ಸುಮ್ನೆ ದೀಪ ಹಾಕಿ ಕೂರಬೇಡಿ. ಬೆಳಕಿದ್ದರೂ ನೋಡುವವರಿಲ್ಲದಿದ್ದರೆ ಕಳ್ಳನಿಗೇ ಅನುಕೂಲ. ಮೊದಲು ಅಡ್ಡ ಬೆಳೆದ ಪೊದೆ ಕತ್ತರಿಸಿ, ಮನೆಗಳ ಕಿಟಕಿಯಿಂದ ಬೈಕ್‌ಗಳು ಕಾಣಲಿ. ಹಿಂದುಗಡೆ ಗೇಟ್ ಇದ್ದರೆ ರಾತ್ರಿ ಬೀಗ ಹಾಕಿಸಿ.