ಅಮೆರಿಕದ ಕಾಲೇಜ್ ಫುಟ್‌ಬಾಲಲ್ಲಿ ಸೀಸನ್‌ಗೆ ಮುಂಚೆ ನೀವು ಊಹಿಸೋ ಟಾಪ್ 10 ಟೀಮ್ ಲಿಸ್ಟ್ ಪ್ರತಿ ಸಲ ಉಲ್ಟಾ ಹೊಡೀತಿರೋದಕ್ಕೆ ಕಾರಣ
ಬಹುಶಃ ಹೋದ ವರ್ಷದ ರ‍್ಯಾಂಕಿಂಗನ್ನೇ ಹಂಗೇ ಎತ್ತಿ ಇಡ್ತಿದೀರ, ಅದೇ ಪ್ರಾಬ್ಲಮ್ಮು. ಕಾಲೇಜ್ ಫುಟ್‌ಬಾಲಲ್ಲಿ ಅರ್ಧ ಟೀಮೇ ಬದಲಾಗಿರುತ್ತೆ. ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿ ಟೀಮ್ ನೋಡಿ, 2023ರಲ್ಲಿ 13 ಮ್ಯಾಚ್ ಗೆದ್ದು 2024ಕ್ಕೆ ಎಪಿ ಪೋಲಲ್ಲಿ (ಕ್ರೀಡಾ ಪತ್ರಕರ್ತರು ಓಟ್ ಹಾಕಿ ಮಾಡೋ ಪಟ್ಟಿ) 10ನೇ ಜಾಗದಿಂದ ಶುರು ಮಾಡಿ ಕೊನೆಗೆ 2 ಗೆಲುವು 10 ಸೋಲು. ಮೊದಲು ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಆಟ ನಡೆಸೋನು) ವಾಪಸ್ ಬರ್ತಿದಾನಾ ನೋಡಿ, ಆಮೇಲೆ ಅವನನ್ನ ಕಾಯೋ ಆಫೆನ್ಸಿವ್ ಲೈನಲ್ಲಿ ಹಳಬರು ಎಷ್ಟು ಜನ ಉಳಿದಿದಾರೆ ಅಂತ (ಇದನ್ನ ಜಾಸ್ತಿ ಜನ ನೋಡೋದೇ ಇಲ್ಲ, ನನ್ ಪ್ರಕಾರ ಇದೇ ಮುಖ್ಯ), ಆಮೇಲೆ ಕೋಚ್ ಬದಲಾದ್ರಾ, ದೊಡ್ಡ ಮ್ಯಾಚ್‌ಗಳು ಎದುರಾಳಿ ಊರಲ್ಲಿ ಎಷ್ಟಿವೆ ಅಂತ. ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಒಂದು ಕಾಲೇಜಿಂದ ಇನ್ನೊಂದಕ್ಕೆ ಹೋಗೋ ವ್ಯವಸ್ಥೆ) ಮಾತ್ರ ಲಾಟ್ರಿನೇ, ಹೊಸಬರು ಹೊಂದ್ಕೋತಾರಾ ಅಂತ ಸೀಸನ್ ಶುರುವಾಗೋ ಆಗಸ್ಟಲ್ಲಿ ಯಾರಿಗೂ ಹೇಳಕ್ಕಾಗಲ್ಲ, 2024ರಲ್ಲಿ ಇಂಡಿಯಾನಾ ಯೂನಿವರ್ಸಿಟಿ ಟೀಮ್ ಯಾರ ಲೆಕ್ಕದಲ್ಲೂ ಇಲ್ದೆ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ಪ್ಲೇಆಫ್‌ಗೆ ಹೋಯ್ತಲ್ಲ. ಅದಕ್ಕೆ ಕೊನೇ ಎರಡು ಜಾಗ ಅಂಥ ಟೀಮಿಗೆ ಬಿಟ್ಟಿಡಿ.