ಗೀಸರ್ ಹಳೆಯದು, ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ

ಪ್ರಶ್ನೆ: ಸರ್, ನಮ್ಮದು ಚಿತ್ರದುರ್ಗದಲ್ಲಿ ಎರಡು ರೂಮಿನ ಹಳೇ ಮನೆ. ಬಚ್ಚಲಲ್ಲಿ 15 ಲೀಟರ್ ಗೀಸರ್ ಇದೆ, 12 ವರ್ಷ ಆಯ್ತು. ಬೋರ್ ನೀರೇ ಜಾಸ್ತಿ. ಈಚೆಗೆ ನೀರು ಕಾಯುವಾಗ ಒಳಗೆ ಚಟಪಟ ಸದ್ದು. ಬೆಳಿಗ್ಗೆ ಮೊದಲ ನೀರು ಕೆಂಪಗೆ ಬರುತ್ತೆ. ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತೆ. ಕಾಯಿಲ್ ಬದಲಿಸಿದರೆ ಸಾಕು ಅಂತಾರೆ ಮೆಕ್ಯಾನಿಕ್. 3 ಲೀಟರಿನ ಇನ್‌ಸ್ಟಂಟ್ ತರೋಣ ಅಂತಾನೆ ಮಗ. ಯಾವುದು ಸರಿ?

ಉತ್ತರ: ಎರಡಕ್ಕೂ ಮೊದಲು ಮೇನ್ ಬೋರ್ಡಿನಲ್ಲಿ ಗೀಸರಿನ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇಳಿಸಿಬಿಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ಮನೆಗಳಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ಒಳಗೆ ಕರೆಂಟ್ ಇರುತ್ತದೆ. ರಿಪೇರಿ ಆಗುವ ತನಕ ಹಂಡೆ ನೀರೇ ಇರಲಿ.

ನೀವು 'ಸ್ವಲ್ಪ' ಅಂದಿರುವ ಆ ಜುಮ್ ಇದೆಯಲ್ಲ, ಅದೇ ಇಲ್ಲಿ ದೊಡ್ಡ ವಿಷಯ. ಬೋರ್ ನೀರಿನ ಸುಣ್ಣ ಕಾಯಿಲ್ ಮೇಲೆ ಪದರ ಕಟ್ಟುತ್ತದೆ. ಪದರದ ಕೆಳಗೆ ಸಿಕ್ಕಿಕೊಂಡ ನೀರು ಅಲ್ಲೇ ಕುದಿದು ಚಟಪಟ ಅನ್ನುತ್ತದೆ. ಕಾಯಿಲ್‌ನ ಬಿಸಿ ಹೊರಗೆ ಹೋಗಲಾರದೆ ಅದರ ಮೇಲಿನ ಲೋಹದ ಕೊಳವೆ ಸುಟ್ಟು ಬಿರುಕು ಬಿಡುತ್ತದೆ. ಆಗ ಕರೆಂಟ್ ನೀರಿಗೆ ಇಳಿಯುತ್ತದೆ. ಅರ್ಥಿಂಗ್ ಸರಿ ಇದ್ದಿದ್ದರೆ ಅದು ನೆಲಕ್ಕೆ ಹೋಗುತ್ತಿತ್ತು, ನಿಮ್ಮ ಕೈಗೆ ಬರುತ್ತಿರಲಿಲ್ಲ. ಹಾಗಾಗಿ ನಿಮ್ಮ ಮನೆಯಲ್ಲಿ ಕೆಟ್ಟಿರುವುದು ಒಂದಲ್ಲ, ಎರಡು. ಈ ಅರ್ಥಿಂಗ್ ಇಟ್ಟುಕೊಂಡು ಹೊಸ ಗೀಸರ್ ಹಾಕಿದರೆ ಅಪಾಯ ಹಾಗೇ ಉಳಿಯುತ್ತದೆ. ಮೆಕ್ಯಾನಿಕ್ ಆಗಲಿ ನಿಮ್ಮ ಮಗ ಆಗಲಿ ಈ ಮಾತು ಎತ್ತಿಲ್ಲ, ಅಲ್ವಾ?

ಎಲೆಕ್ಟ್ರಿಷಿಯನ್‌ಗೆ ಹೇಳಿ, ಟೆಸ್ಟ್ ಲ್ಯಾಂಪಿಗೆ ಹಳೇ 100 ವಾಟ್ ಬಲ್ಬು ಹಾಕಿ, ಫೇಸ್ ಮತ್ತು ಅರ್ಥ್ ನಡುವೆ ಹಚ್ಚಿ ನೋಡಲಿ. ಫೇಸ್-ನ್ಯೂಟ್ರಲ್‌ಗೆ ಉರಿದಷ್ಟೇ ಜೋರಾಗಿ ಉರಿಯಬೇಕು. ಮಂಕಾದರೆ ಅರ್ಥಿಂಗ್ ಸತ್ತಿದೆ. ನಮ್ಮ ಕಡೆಯ ಒಣ ನೆಲದಲ್ಲಿ ಬೇಸಿಗೆ ಬಂದರೆ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಗುಂಡಿಗೆ ನೀರು ಹಾಕುವುದನ್ನು ಹಿಂದಿನವರು ಮರೆಯುತ್ತಿರಲಿಲ್ಲ, ನಾವು ಅದರ ಮೇಲೆ ಟೈಲ್ಸ್ ಹಾಕಿಸಿ ಕೂತಿದ್ದೇವೆ! ಗುಂಡಿ ಸರಿ ಮಾಡಿಸುವಾಗಲೇ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನು ಕಾಯುವುದು ಇದು.

ಇನ್ನು ಗೀಸರ್. ಕೆಂಪು ನೀರು ಬಿಸಿ ನಲ್ಲಿಯಲ್ಲಿ ಮಾತ್ರವೋ, ತಣ್ಣೀರಲ್ಲೂ ಬರುತ್ತದೋ ನೋಡಿ. ಎರಡರಲ್ಲೂ ಬಂದರೆ ಹಳೇ ಕಬ್ಬಿಣದ ಪೈಪಿನ ತುಕ್ಕು. ಹಾಗಿದ್ದರೆ ಕಾಯಿಲ್, ಥರ್ಮೋಸ್ಟಾಟ್, ವಾಷರ್, ಆನೋಡ್ ರಾಡ್ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಇನ್ನೂ ಕೆಲವು ವರ್ಷ ಓಡಬಹುದು. ಟ್ಯಾಂಕ್ ಬದಲು ತಾನು ತುಕ್ಕು ಹಿಡಿದು ಸವೆಯುವುದೇ ಆ ರಾಡಿನ ಕೆಲಸ. 12 ವರ್ಷದಲ್ಲಿ ಯಾರೂ ಅದನ್ನು ಬಿಚ್ಚಿ ನೋಡಿರಲಿಕ್ಕಿಲ್ಲ. ಬಿಸಿ ನೀರು ಮಾತ್ರ ಕೆಂಪಾಗಿದ್ದರೆ ಟ್ಯಾಂಕೇ ತುಕ್ಕು ಹಿಡಿದಿದೆ. ಆಗ ಕಾಯಿಲ್‌ಗೆ ದುಡ್ಡು ಹಾಕಬೇಡಿ. ನಿಮ್ಮ ಪತ್ರ ನೋಡಿದರೆ ಇದೇ ಇರಬೇಕು ಅನಿಸುತ್ತದೆ.

ಇನ್‌ಸ್ಟಂಟ್ ಬೇಡ. ಅದು ಅಡುಗೆಮನೆ ಸಿಂಕಿಗೆ ಚೆನ್ನ. 3 ಕಿಲೋವಾಟ್ ಅಂದರೆ 13 ಆಂಪಿಯರ್ ಎಳೆಯುತ್ತದೆ, ನಿಮ್ಮ ಹಳೇ ವೈರಿಗೆ ಅದು ಜಾಸ್ತಿ. ಬಕೆಟ್ ಸ್ನಾನಕ್ಕೆ 2 ಕಿಲೋವಾಟಿನ 15 ಲೀಟರೇ ಸರಿ. ಸುಮಾರು 20 ನಿಮಿಷಕ್ಕೆ ಟ್ಯಾಂಕ್ ಕಾಯುತ್ತದೆ, ತಣ್ಣೀರು ಬೆರೆಸಿದರೆ ಎರಡು ಬಕೆಟ್ ಆಗುತ್ತದೆ. ಖರ್ಚು ಮುಕ್ಕಾಲು ಯೂನಿಟ್ ಒಳಗೇ. ಗೃಹಜ್ಯೋತಿ ಲೆಕ್ಕ ತಪ್ಪುವುದು ದಿನವಿಡೀ ಆನ್ ಬಿಟ್ಟರೆ ಮಾತ್ರ.

ಒಂದು ಮಾತು. ಹೊಸ ಗೀಸರ್ ಕಾಯುವಾಗ ಸೇಫ್ಟಿ ವಾಲ್ವಿನಿಂದ ಲೋಟದಷ್ಟು ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಬಿಸಿಯಾದ ನೀರು ಹಿಗ್ಗುತ್ತದೆ. ನಮ್ಮ ಅತ್ತೆ ಮನೆಯಲ್ಲಿ ಒಬ್ಬ ಪ್ಲಂಬರ್ ಅದನ್ನು 'ಲೀಕ್' ಅಂದುಕೊಂಡು ಡಮ್ಮಿ ಹಾಕಿ ಮುಚ್ಚಿದ್ದ. ನಾನೇ ಹೋಗಿ ಬಿಚ್ಚಿದೆ. ಥರ್ಮೋಸ್ಟಾಟ್ ಕೈಕೊಟ್ಟ ದಿನ ಆ ಟ್ಯಾಂಕ್ ಒಡೆಯದೆ ಇರುತ್ತಿತ್ತೇ?

ಪ್ರಶ್ನೆ: ದಾವಣಗೆರೆಯಲ್ಲಿ ಬಾಡಿಗೆ ರೂಮಲ್ಲಿದ್ದೇನೆ. ಬಕೆಟಿಗೆ ಹಾಕುವ 1500 ವಾಟ್ ಕಾಯಿಲ್ ಬಿಳಿ ಕಟ್ಟಿದೆ, ಹಿಡಿ ಸೀಳಿದೆ. ರಿಪೇರಿ ಆಗುತ್ತಾ?

ಉತ್ತರ: ಬಿಳಿ ಹೋಗುತ್ತದೆ. ಬೆಚ್ಚಗಿನ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ, ಪ್ಲಗ್ ಕಿತ್ತ ಕಾಯಿಲ್ ಒಂದು ಗಂಟೆ ನೆನೆಸಿದರೆ ಸಾಕು. ಆದರೆ ಹಿಡಿ ಸೀಳಿದ ಮೇಲೆ ಆ ಕಷ್ಟ ಯಾಕೆ? ಸೀಳಿನಲ್ಲಿ ನೀರು ಇಳಿಯುತ್ತದೆ, ಟೇಪ್ ಸುತ್ತಿದರೂ ನಿಲ್ಲಲ್ಲ. ಬಿಸಾಕಿ, ಐಎಸ್‌ಐ ಗುರುತು ಇರುವುದನ್ನು ತನ್ನಿ. 1500 ವಾಟಿಗೆ ಆರೂವರೆ ಆಂಪಿಯರ್ ಬೇಕು, ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್‌ಗೆ ಚುಚ್ಚಬೇಡಿ, ಕರಗುತ್ತದೆ. ರೂಮಲ್ಲಿ 16 ಆಂಪಿಯರ್ ಸಾಕೆಟ್ ಇಲ್ಲದಿದ್ದರೆ ಓನರ್‌ಗೆ ಹೇಳಿ ಹಾಕಿಸಿಕೊಳ್ಳಿ. ನೀರು ಬಿಸಿ ಆಯ್ತಾ ಅಂತ ಬೆರಳಿಟ್ಟು ನೋಡುವುದು ಪ್ಲಗ್ ಕಿತ್ತ ಮೇಲೆ.